ಬಾಯಲ್ಲೇ ಹೇಳಬೇಕು

ಆ ಗುಂಪಿಗೆ ‘ನಿಧಾನ’ ಎಂದು ಹೆಸರಿಟ್ಟವರು ಕಂಡಕ್ಟರ್. ಫೋನಿನಲ್ಲಿ ನಡೆಯುವ ಗುಂಪು, ಅದರಲ್ಲಿದ್ದವರೆಲ್ಲ ಉಗ್ಗುವವರು. ಒಬ್ಬೊಬ್ಬರದು ಒಂದೊಂದು ಊರು. ಒಬ್ಬರ ಮುಖ ಇನ್ನೊಬ್ಬರು ನೋಡಿದ್ದು ಕಡಿಮೆ, ದನಿ ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತು. ಬೇರೆ ಗುಂಪುಗಳಲ್ಲಿ ಬೆಳಗಾದರೆ ಹೂವಿನ ಚಿತ್ರ, ಯಾರದೋ ಭಾಷಣ, ಎಲ್ಲಿಂದಲೋ ಬಂದ ಮನೆಮದ್ದು ಬಂದು ಬೀಳುತ್ತವೆ. ಇಲ್ಲಿ ಅಂಥದ್ದಕ್ಕೆಲ್ಲ ಜಾಗವೇ ಇರಲಿಲ್ಲ. ನಿಯಮ ಎರಡೇ. ಏನಿದ್ದರೂ ಬಾಯಲ್ಲೇ ಹೇಳಿ ಕಳಿಸಬೇಕು, ಟೈಪ್ ಮಾಡಬಾರದು. ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡಬಾರದು. ಮೊದಲನೆಯದು ಕಂಡಕ್ಟರ್ ಮಾಡಿದ್ದು, ಎರಡನೆಯದು ಹಲ್ಲಕ್ಕ ಮಾಡಿದ್ದು.

ಹಲ್ಲಕ್ಕ ಎಂಬುದು ಗುಂಪಿನವರು ಇಟ್ಟ ಹೆಸರು. ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾ ಹೋಗುವುದು ಅವಳ ಕೆಲಸ. ದಿನವಿಡೀ ಕಂಡವರ ಬಾಯೆಲ್ಲ ಅವಳ ಕೈಯಲ್ಲಿ. ತನ್ನ ಬಾಯಿ ಮಾತ್ರ ತನ್ನ ಕೈಗೆ ಸಿಗುವುದಿಲ್ಲ ಎಂದು ಅವಳೇ ಒಮ್ಮೆ ಗುಂಪಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಆ ಕೆಲಸ ಹಿಡಿದಿದ್ದೇ ಅಲ್ಲಿ ಮಾತಿನ ಹಂಗಿಲ್ಲ ಎಂದು. ಸೇರುವ ದಿನ ಜೊತೆಗೆ ಬಂದಿದ್ದ ತಮ್ಮ, ಮಾಲೀಕರು ‘ನಿಮ್ಮ ಹೆಸರೇನಮ್ಮ?’ ಎಂದ ಕೂಡಲೇ ತಾನೇ ಹೇಳಿಬಿಟ್ಟಿದ್ದ. ಓದಿದ್ದೆಷ್ಟು, ಮನೆ ಎಲ್ಲಿ ಎಂಬುದನ್ನೂ ಅವನೇ ಹೇಳಿದ. ಪ್ರೀತಿಯಿಂದಲೇ ಹೇಳಿದ. ಅಕ್ಕ ಒದ್ದಾಡುವುದನ್ನು ಅವನು ಚಿಕ್ಕಂದಿನಿಂದ ನೋಡಲಾರ. ಮನೆಯಲ್ಲಿ ಅಮ್ಮನೂ ಹಾಗೆಯೇ. ಹೀಗಾಗಿ ಹಲ್ಲಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳ ಮಾತು ಯಾರದಾದರೂ ಬಾಯಿಂದ ಬಂದು ಮುಗಿದಿರುತ್ತಿತ್ತು.

ಕಂಡಕ್ಟರನ್ನು ಅವಳು ಮೊದಲು ಕಂಡಿದ್ದು ಮಾತು ಕಲಿಸುವ ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ. ಒಳಗಿನಿಂದ ಒಬ್ಬಾಕೆ ಬಂದು ಹೆಸರು ಕೂಗಿದರೆ ‘ಇದೀನಿ’ ಅನ್ನಬೇಕು. ಇಬ್ಬರೂ ಅನ್ನದೆ ಕೈ ಎತ್ತಿದರು, ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವರು ನಿವೃತ್ತಿಯವರೆಗೂ ಬಸ್ಸಿನಲ್ಲಿ ಟಿಕೆಟ್ ಹರಿದವರು. ಸ್ಟಾಪುಗಳ ಹೆಸರನ್ನು ರಾಗ ಎಳೆದು ಕೂಗುತ್ತಿದ್ದರಂತೆ. ರಾಗದಲ್ಲಿ ಉಗ್ಗು ಬರುವುದಿಲ್ಲ. ಜನ ಅದನ್ನು ಅವರ ಗತ್ತು ಅಂದುಕೊಂಡಿದ್ದರು. ‘ಚಿಲ್ಲರೆ ಕೊಡಿ ಅಂತ ಮಾತ್ರ ಹಾಡೋಕೆ ಬರ್ತಿರಲಿಲ್ಲ. ಅರ್ಧ ಸಂಬಳ ಅಲ್ಲೇ ಹೋಯ್ತು,’ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಬೆಂಚಿನಲ್ಲಿ ಕೂತಿದ್ದವರ ಸರದಿಯೆಲ್ಲ ಕಳೆದಿತ್ತು. ಹಲ್ಲಕ್ಕ ಮಧ್ಯೆ ಬಾಯಿ ಹಾಕದೆ ಪೂರಾ ಕೇಳಿದಳು. ಗುಂಪು ಹುಟ್ಟಿದ್ದು ಅಲ್ಲಿ.

ಗುಂಪಿನಿಂದ ಅವಳಿಗೆ ಆದ ಉಪಕಾರ ಸಣ್ಣದಲ್ಲ. ಲ್ಯಾಬಿನಲ್ಲಿ ಒಂದು ಕೆಲಸಕ್ಕೆ ಮಾತ್ರ ಮಾತು ಬೇಕಿತ್ತು: ಚೀಟಿಯಲ್ಲಿ ಹಲ್ಲಿನ ಬಣ್ಣದ ನಂಬರು ಸರಿಯಾಗಿ ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಮೊದಲೆಲ್ಲ ಅವಳು ಅಂದಾಜಿನ ಮೇಲೆ ಬಣ್ಣ ಹಾಕಿ, ತಪ್ಪಾದಾಗ ಬೈಸಿಕೊಂಡು ಮತ್ತೆ ಮಾಡುತ್ತಿದ್ದಳು. ಒಂದು ಫೋನಿಗಿಂತ ಒಂದು ಸೆಟ್ ಮತ್ತೆ ಮಾಡುವುದೇ ಸಲೀಸು. ದಿನಾ ಗುಂಪಿನಲ್ಲಿ ಮಾತಾಡುತ್ತಾ, ತನ್ನ ಉಗ್ಗನ್ನು ತಾನೇ ಮತ್ತೆ ಹಾಕಿ ಕೇಳುತ್ತಾ, ಬರಬರುತ್ತಾ ಅವಳು ಫೋನ್ ಎತ್ತುವ ಹಾಗಾದಳು. ಉಗ್ಗು ಹೋಗಲಿಲ್ಲ. ಉಗ್ಗಿದರೂ ಪರವಾಗಿಲ್ಲ ಅನ್ನುವ ಧೈರ್ಯ ಬಂತು.

ಕಂಡಕ್ಟರ ದನಿ ಒಡೆದಿರುವುದನ್ನು ಮೊದಲು ಹಿಡಿದವಳು ನರ್ಸ್. ಅವಳೂ ಗುಂಪಿನವಳೇ, ದೂರದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕೆಲಸ, ಖಡಕ್ ಸ್ವಭಾವ. “ಅಣ್ಣ, ನಿಮ್ಮ ಗಂಟಲು ಕಟ್ಟಿ ಬಹಳ ದಿನ ಆಯ್ತು. ನೆಗಡಿ ಅಂತ ಸುಮ್ಮನಿರಬೇಡಿ, ತೋರಿಸಿ,” ಅಂದಳು. ಅವರು ತೋರಿಸುವವರೆಗೂ ದಿನಾ ಬೆನ್ನು ಹತ್ತಿದಳು. ತೋರಿಸಿದರು. ಗಂಟಲಲ್ಲಿ ಗಡ್ಡೆ. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು.

ಆಸ್ಪತ್ರೆಗೆ ಹೋಗುವ ಮುಂಚೆ ಕಂಡಕ್ಟರ್ ಗುಂಪಿನಲ್ಲಿ ದೊಡ್ಡದಾಗಿ ಏನೂ ಹೇಳಲಿಲ್ಲ. ನಲ್ಲಿ ಸೋರುತ್ತಿದೆ, ರಿಪೇರಿಯವನು ಬಂದಿಲ್ಲ ಎಂದು ಹೇಳಿಕೊಂಡರು, ಅಷ್ಟೇ.

ವಾರಗಳು ಕಳೆದವು. ಒಂದು ಮಧ್ಯಾಹ್ನ ಹಲ್ಲಕ್ಕ ಪಾಲಿಶ್ ಚಕ್ರದ ಮುಂದೆ ಕೂತಿದ್ದಾಗ ಫೋನು ಬೆಳಗಿತು. ಗುಂಪಿನಲ್ಲಿ ಅಕ್ಷರ ಕಂಡಿತು. ಅಲ್ಲಿ ಅಕ್ಷರ ಕಂಡಿದ್ದು ಅದೇ ಮೊದಲು.

‘ಬಂದಿದ್ದೀನಿ. ಎಲ್ಲರೂ ಹೇಗಿದ್ದೀರಿ? — ಕಂಡಕ್ಟರ್.’

ಅವಳ ಕಣ್ಣು ತುಂಬಿತು. ಸಂಜೆಯವರೆಗೆ ಒಬ್ಬರಾದ ಮೇಲೆ ಒಬ್ಬರು ಬಾಯಿ ತುಂಬ ಮಾತಾಡಿ ಅವರನ್ನು ಬರಮಾಡಿಕೊಂಡರು. ಅವರು ಒಂದೊಂದಕ್ಕೂ ಟೈಪ್ ಮಾಡಿ ಉತ್ತರ ಕೊಟ್ಟರು. ನಿಯಮದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ಎತ್ತಿದವನು ಮೆಡಿಕಲ್. ಅವನದು ಔಷಧಿ ಅಂಗಡಿ, ಗುಂಪಿನಲ್ಲಿ ಅವನಿಗೆ ಅದೇ ಹೆಸರು. ಮಾರನೆಯ ದಿನ ಅವನ ದನಿ ಬಂತು. ಒಂದೊಂದು ಮಾತೂ ಗೋಡೆಗೆ ಹೊಡೆದುಕೊಂಡು ನಿಂತು, ಸುತ್ತಿ ಬರುತ್ತಿತ್ತು.

“ಕಂಡಕ್ಟರಣ್ಣ, ನೀವು ನನಗೆ ಅಣ್ಣನಿಗಿಂತ ಹೆಚ್ಚು. ಆದ್ರೂ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಇಲ್ಲಿ ಟೈಪ್ ಬೇಡ. ಅಂಗಡಿಯಲ್ಲಿ ನಾನು ಗಿರಾಕಿಗೆ ಬಾಯಲ್ಲಿ ಹೇಳೋದು ಬಿಟ್ಟು ಚೀಟಿ ಬರೆದು ಕೊಡ್ತಿದ್ದೆ. ಊಟದ ಮುಂಚೆ, ಊಟದ ಮೇಲೆ ಅಂತ. ಮಗಳು ಸ್ಕೂಲಿಂದ ಬಂದು ಮಾತಾಡಿದ್ರೆ ಅವಳಿಗೂ ಚೀಟಿ ಬರೆದು ಕೊಡ್ತಿದ್ದೆ. ನೀವೇ ಅದನ್ನ ಬಿಡಿಸಿದ್ದು. ಇಲ್ಲಿ ಟೈಪ್ ಬಂದ್ರೆ ನಾನು ಟೈಪೇ ಮಾಡ್ತೀನಿ. ನನ್ನ ಬಗ್ಗೆ ನನಗೆ ಗೊತ್ತು.”

ನರ್ಸ್ ಉತ್ತರ ಕೊಡಲು ತಡ ಮಾಡಲಿಲ್ಲ. “ಗಂಟಲೇ ಇಲ್ಲದವರ ಹತ್ರ ಬಾಯಲ್ಲಿ ಹೇಳು ಅಂತೀರಲ್ಲ, ನಿಮಗೆ ಮನಸ್ಸು ಹೇಗೆ ಬಂತು? ನಿಯಮ ಮಾಡಿದ್ದು ಜನಕ್ಕೋಸ್ಕರ. ಅವರಿಗಿಂತ ಅದು ದೊಡ್ಡದಾ?”

ಅಲ್ಲಿಂದ ಜಗಳ ಹತ್ತಿಕೊಂಡಿತು. ಬೇರೆ ಕಡೆಯ ಜಗಳದಂತಲ್ಲ. ಇಲ್ಲಿ ಯಾರೂ ಯಾರ ಮಾತನ್ನೂ ಕತ್ತರಿಸುವ ಹಾಗಿಲ್ಲ. ಸಿಟ್ಟಿನ ಒಂದು ವಾಕ್ಯ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತೂ ಎಲ್ಲರೂ ಕಾಯಬೇಕು. ಒಬ್ಬ ‘ನಾಚಿಕೆಗೇಡು’ ಅನ್ನುವ ಶಬ್ದದ ‘ನಾ’ದ ಮೇಲೆ ಸಿಕ್ಕಿಬಿದ್ದು, ಬಿಡಿಸಿಕೊಳ್ಳುವಷ್ಟರಲ್ಲಿ ಸಿಟ್ಟೇ ಇಳಿದುಹೋಗಿ, “ಇರಲಿ ಬಿಡಿ” ಎಂದು ಮುಗಿಸಿದ. ಹಲ್ಲಕ್ಕ ಮೇಣ ಕಾಯಿಸುತ್ತಾ ಎಲ್ಲವನ್ನೂ ಕೇಳಿದಳು. ಮೆಡಿಕಲ್ಲನ ಮಾತೂ ನರ್ಸಿನ ಮಾತೂ ನಿಜ ಅನ್ನಿಸಿತು. ಏನೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡಳು.

ಅವಳು ಸುಮ್ಮನಿದ್ದಷ್ಟು ದಿನವೂ ಗುಂಪು ತನ್ನ ಪಾಡಿಗೆ ತಾನು ಬದಲಾಯಿತು. ಕಂಡಕ್ಟರಿಗೆ ಉತ್ತರ ಕೊಡುವ ನೆಪದಲ್ಲಿ ಒಬ್ಬರು ‘ಸರಿ ಅಣ್ಣ’ ಎಂದು ಟೈಪ್ ಮಾಡಿದರು. ಇನ್ನೊಬ್ಬರು ‘ಬಸ್ಸಿನಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ’ ಎಂದು ಬರೆದು, ಆಮೇಲೆ ಮಾತಾಡಲಿಲ್ಲ. ವಾರ ತಿರುಗುವಷ್ಟರಲ್ಲಿ ಗುಂಪು ಅಕ್ಷರಗಳಿಂದ ತುಂಬಿ ಗಿಜಿಗುಟ್ಟುತ್ತಿತ್ತು. ದನಿ ಹುಡುಕಿದರೂ ಇಲ್ಲ. ಮೆಡಿಕಲ್ಲನದೂ ಅಕ್ಷರವೇ. ತಾನು ಹೇಳಿದಂತೆಯೇ ಮಾಡಿದ್ದ.

ಹಲ್ಲಕ್ಕನೂ ಒಂದು ದಿನ ‘ಹೌದು’ ಎಂದು ಟೈಪ್ ಮಾಡಿದಳು. ಎಷ್ಟು ಸಲೀಸಾಗಿತ್ತೆಂದರೆ, ಮಾಡಿದ್ದೇ ಅವಳ ಗಮನಕ್ಕೆ ಬರಲಿಲ್ಲ. ಅದೇ ವಾರ ಒಂದು ಡಬ್ಬಿಯ ಚೀಟಿ ನೆನೆದು ಬಣ್ಣದ ನಂಬರು ಅಳಿಸಿಹೋಗಿತ್ತು. ಫೋನ್ ಎತ್ತಿದಳು, ಡಾಕ್ಟರ ನಂಬರು ಒತ್ತಿದಳು. ಆ ಕಡೆಯಿಂದ ‘ಹಲೋ’ ಬಂದ ಕೂಡಲೇ ಇಟ್ಟುಬಿಟ್ಟಳು. ಮೊದಲಿನ ಹಾಗೆ ಅಂದಾಜಿನ ಮೇಲೆ ಒಂದು ಬಣ್ಣ ಆರಿಸಿದಳು. ಅಷ್ಟು ದಿನ ಕಷ್ಟಪಟ್ಟು ಹತ್ತಿದ್ದೆಲ್ಲ ಒಂದು ವಾರದಲ್ಲಿ ಕೆಳಗೆ ಜಾರಿಹೋಗಿತ್ತು.

ಆ ಸಂಜೆ ಗುಂಪಿನಲ್ಲಿ ಹೊಸ ದನಿಯೊಂದು ಬಂತು. ಹೆಂಗಸಿನ ದನಿ, ಎಲ್ಲೂ ತಡೆಯದೆ ನೀರಿನ ಹಾಗೆ ಹರಿಯುವ ಮಾತು.

“ನಾನು ಕಂಡಕ್ಟರ ಹೆಂಡತಿ. ಟೈಪ್ ಮಾಡಬಾರದು ಅಂತ ನಿಮ್ಮಲ್ಲಿ ಗಲಾಟೆ ಆಗ್ತಿದೆಯಂತೆ. ಅದಕ್ಕೆ ಇನ್ನುಮೇಲೆ ಅವರು ಬರೆದಿದ್ದನ್ನ ನಾನೇ ಓದಿ ಹೇಳ್ತೀನಿ. ಅವರು ಹೇಳ್ತಿದಾರೆ, ಎಲ್ಲರೂ ಜಗಳ ಬಿಟ್ಟು ಮೊದಲಿನ ಥರ ಇರಿ ಅಂತ. ಅವರ ಮನಸ್ಸಿನಲ್ಲಿ ಇರೋದು ನನಗೆ ಗೊತ್ತಲ್ವಾ, ನಾನು ಹೇಳ್ತೀನಿ ಬಿಡಿ.”

ಹಲ್ಲಕ್ಕನಿಗೆ ಲ್ಯಾಬಿನ ಮಾಲೀಕರ ಮುಂದೆ ತಮ್ಮನ ಪಕ್ಕ ಬೊಂಬೆಯಂತೆ ನಿಂತಿದ್ದ ದಿನ ಕಣ್ಣಿಗೆ ಕಟ್ಟಿತು. ಇನ್ನು ಸುಮ್ಮನಿರುವ ಹಾಗಿಲ್ಲ ಎಂದುಕೊಂಡಳು.

ರಜೆಯ ದಿನ ಅವಳು ಕಂಡಕ್ಟರ ಮನೆಗೆ ಹೋದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಕೆಳಗೇ ಬಸ್ ನಿಲ್ದಾಣ. ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಕತ್ತಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಟ್ಟೆಯ ಹಿಂದೆ ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಉಸಿರು ಹೋಗಿ ಬರುವುದು ಕೇಳಿಸುತ್ತಿತ್ತು. ತೊಡೆಯ ಮೇಲೆ ಮಕ್ಕಳು ಬರೆದು ಒರೆಸುವಂಥ ಸಣ್ಣ ಬಿಳಿ ಬೋರ್ಡು. ಅವಳನ್ನು ಕಂಡು ಮುಖ ಅರಳಿತು. ಬಾಯಿ ಆಡಿತು, ಸದ್ದು ಬರಲಿಲ್ಲ.

ಅವರ ಹೆಂಡತಿ ಟೀ ತಂದು ಕೊಟ್ಟು ಪಕ್ಕದಲ್ಲೇ ಕೂತರು. ಆಡಿ ಹಗುರಾಗುವ ಜೀವ ಅದು.

“ದಿನಾ ಆ ಫೋನೇ ನೋಡ್ತಾ ಕೂತಿರ್ತಾರೆ ಕಣಮ್ಮ. ಮಗ ಬಂದ್ರೂ ಇಷ್ಟೇ, ನೆಂಟರು ಬಂದ್ರೂ ಇಷ್ಟೇ. ನಿಮ್ಮ ಗುಂಪು ಅಂದ್ರೆ ಮಾತ್ರ ಜೀವ. ಅದಕ್ಕೇ ನಾನು ಮಧ್ಯೆ ಬಂದು ಮಾತಾಡ್ದೆ. ತಪ್ಪಾಯ್ತೇನಮ್ಮ?”

ಹಲ್ಲಕ್ಕ ಬಾಯಿ ತೆರೆದಳು. ‘ತ’ ಎಂಬಲ್ಲಿ ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತು. ಅವಳು ತಳ್ಳಿದಳು. ಬರಲಿಲ್ಲ.

“ತಪ್ಪೇನಿಲ್ಲ ಅಂತೀಯಾ. ಗೊತ್ತಿತ್ತು ಬಿಡು ನಂಗೆ,” ಎಂದು ಆಕೆ ಅವಳ ಬೆನ್ನು ಸವರಿದರು.

ಕಂಡಕ್ಟರ್ ಅಂಗೈಯಿಂದ ಕುರ್ಚಿಯ ತೋಳಿಗೆ ಬಡಿದರು. ಹೆಂಡತಿ ಬೆಚ್ಚಿ ತಿರುಗಿದರು. ಅವರು ಹಲ್ಲಕ್ಕನ ಕಡೆ ಬೆರಳು ಮಾಡಿ, ಆಮೇಲೆ ಆ ಬೆರಳನ್ನು ತುಟಿಯ ಮೇಲಿಟ್ಟುಕೊಂಡರು. ಮೂವರೂ ಕಾದರು. ಕೆಳಗೆ ಒಂದು ಬಸ್ಸು ಬಂದು ನಿಂತು ಹೊರಟಿತು.

“ತ... ತಪ್ಪೇ ಅಮ್ಮ, ಅದನ್ನ ಹೇಳೋಕೇ ಬಂದೆ,” ಅಂದಳು ಹಲ್ಲಕ್ಕ.

ಆಕೆಯ ಕೈ ಅವಳ ಬೆನ್ನಿನಿಂದ ಮೆಲ್ಲಗೆ ಕೆಳಗಿಳಿಯಿತು.

“ಮದುವೆ ಆದಾಗಿಂದ ಇವರ ಮಾತೂ ಹಿಂಗೇ ಮುಗಿಸ್ತಾ ಬಂದಿದೀನಲ್ಲ,” ಅಂದರು. “ಎಷ್ಟು ಸಲ ತಪ್ಪು ಮುಗಿಸಿದೀನೋ. ರೀ, ಹೇಳಬಾರದಿತ್ತೇನ್ರೀ?”

ಕಂಡಕ್ಟರ್ ಬೋರ್ಡಿನ ಮೇಲೆ ಬರೆದು ತೋರಿಸಿದರು: ‘ಬಹಳ ಸಲ.’ ಅವರ ಕಣ್ಣು ನಗುತ್ತಿತ್ತು. ಆಕೆ ನಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ನಾನು ಒಳಗಿರ್ತೀನಿ, ನೀವು ಮಾತಾಡ್ಕೊಳ್ಳಿ,” ಎಂದು ಎದ್ದು ಹೋದರು.

ಆಮೇಲೆ ಅವರು ಬೋರ್ಡು ಒರೆಸಿ ಬರೆದರು. ‘ಟೈಪ್ ನಿಲ್ಲಿಸು. ಎಲ್ಲರದೂ. ನನ್ನದೂ.’

“ನಿಮ್ಮದು ಬೇರೆ ಅಣ್ಣ. ನಿಮಗೊಬ್ಬರಿಗೆ ಇರಲಿ ಅಂತ ಹೇಳ್ತೀನಿ, ಯಾರೂ ಬೇಡ ಅನ್ನಲ್ಲ.”

‘ನನಗೊಬ್ಬನಿಗೇ ಅಂದ್ರೆ ಅಯ್ಯೋ ಪಾಪ ಅಂತ ಆಗುತ್ತೆ. ಅದು ನನಗೆ ಬೇಡ.’

“ಮತ್ತೆ ನೀವು ಏನು ಮಾಡ್ತೀರಿ?”

‘ಕೇಳ್ತೀನಿ.’

ಅವಳು ಓದಿ ಮುಗಿಸುವ ಮುಂಚೆಯೇ ಅವರು ಅದನ್ನು ಒರೆಸಿ ಕಿಟಕಿಯ ಕಡೆ ತಿರುಗಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಆ ಒರೆಸಿದ ಅವಸರವೇ ಕಾಡಿತು. ಅವರಿಗೆ ನಿಜವಾಗಿ ಬೇಕಾಗಿದ್ದು ಅದೇನಾ, ಇಲ್ಲ ತನ್ನ ಕಷ್ಟ ನೋಡಲಾರದೆ ಹಾಗೆ ಬರೆದರಾ? ಕೇಳಬಹುದಿತ್ತು. ಕೇಳದೆ ಎದ್ದು ಬಂದಿದ್ದಳು.

ಮರುದಿನ ಲ್ಯಾಬಿಗೆ ಬೇಗ ಹೋಗಿ, ಯಾರೂ ಬರುವ ಮುಂಚೆ ಅವಳು ಗುಂಪಿಗೆ ಮಾತಾಡಿದಳು. ಟೈಪ್ ಮಾಡಿದ್ದನ್ನೆಲ್ಲ ತೆಗೆಯುತ್ತೇನೆ, ಇನ್ನು ಮೇಲೆ ಯಾರೂ ಟೈಪ್ ಮಾಡಬಾರದು, ಕಂಡಕ್ಟರಣ್ಣನೂ ಅಷ್ಟೇ, ಒಬ್ಬರ ಮಾತು ಇನ್ನೊಬ್ಬರು ಹೇಳುವುದೂ ಬೇಡ ಎಂದಳು. ಅವರೇ ಹೀಗೆ ಮಾಡು ಅಂದರು ಎಂದು ಒಂದು ಮಾತು ಸೇರಿಸಿದ್ದರೆ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಾಗೆ ಹೇಳುವುದೆಂದರೆ ಅವರ ಪರವಾಗಿ ತಾನು ಮಾತಾಡಿದಂತೆಯೇ. ಅವರ ಹೆಂಡತಿಗೆ ಅದು ತಪ್ಪು ಎಂದು ಹೇಳಿ ಬಂದ ಮಾರನೆಯ ದಿನವೇ ತಾನು ಹೇಗೆ ಆಡುವುದು? ಮಾತನ್ನು ನುಂಗಿಕೊಂಡಳು.

ಮೊದಲು ಉತ್ತರ ಬಂದಿದ್ದು ನರ್ಸಿನಿಂದ. ಸಿಟ್ಟಿನಲ್ಲಿ ಅವಳಿಗೆ ಉಗ್ಗು ಹೆಚ್ಚು. ಅವಳು ಅದನ್ನು ಲೆಕ್ಕಿಸಲಿಲ್ಲ.

“ಅಕ್ಕ, ಮಾತು ಕಳ್ಕೊಂಡ ಮನುಷ್ಯನ್ನ ಮಾತಾಡೋರ ಗುಂಪಿಂದ ಹೊರಗೆ ಹಾಕಿದ್ರಿ. ನಮ್ಮನ್ನ ಬೇರೆಯವರು ಹೊರಗೆ ಹಾಕಿದ್ರೆ ಅಳ್ತೀವಿ. ನಾವು ಮಾಡಿದ್ರೆ ಅದು ನಿಯಮ. ನನಗೆ ಇಲ್ಲಿರೋಕೆ ಇಷ್ಟ ಇಲ್ಲ.”

ಅವಳು ಹೋದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. ಹಲ್ಲಕ್ಕನನ್ನು ‘ಕಲ್ಲು’ ಎಂದವರುಂಟು. ಅವಳು ಎದುರಾಡಲಿಲ್ಲ. ಕಂಡಕ್ಟರ್ ಎಲ್ಲ ಕೇಳುತ್ತಿದ್ದರು, ಅವರು ಕೇಳಿದ್ದಾರೆಂಬ ಗುರುತು ಫೋನಿನಲ್ಲಿ ಕಾಣುತ್ತಿತ್ತು. ಆದರೆ ಹಾಗೆ ಮಾಡಿಸಿದ್ದು ತಾನೇ ಎಂದು ಅವರು ಹೇಗೆ ಹೇಳಿಯಾರು? ಹೇಳಬೇಕಾದರೆ ಟೈಪ್ ಮಾಡಬೇಕು.

ಉಳಿದವರು ಮೆಲ್ಲಗೆ ಮತ್ತೆ ಮಾತಿಗೆ ತೊಡಗಿದರು. ಮೊದಲ ಕೆಲವು ದಿನ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಾಗಿನಂತೆ ತಗ್ಗಿದ ದನಿಯಲ್ಲಿ ಆಡಿದರು. ಮೆಡಿಕಲ್ ಒಮ್ಮೆ ಹಲ್ಲಕ್ಕನಿಗೆ ಬೇರೆಯಾಗಿ ಫೋನ್ ಮಾಡಿದ. “ನಾನು ಬಾಯಿ ಬಿಡಬಾರದಿತ್ತೇನೋ ಅಕ್ಕ. ಗೆದ್ದ ಹಾಗೆ ಅನ್ನಿಸ್ತಿಲ್ಲ,” ಅಂದ. ಅವಳು, “ನೀನು ಹೇಳಿದ್ದು ಸುಳ್ಳಲ್ಲ,” ಅಂದಳು.

ಕಂಡಕ್ಟರಿಗೆ ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಟಾರ್ಚಿನ ಹಾಗಿರುವ ಅದನ್ನು ಗದ್ದದ ಕೆಳಗೆ ಒತ್ತಿಕೊಂಡು ಬಾಯಿ ಆಡಿಸಿದರೆ ಗುಂಯ್‌ಗುಟ್ಟುವ ದನಿ ಹೊರಡುತ್ತದೆ. ಅವರಿಗೆ ಆ ಸದ್ದು ಕಂಡರೆ ಆಗುತ್ತಿರಲಿಲ್ಲ. ಬೀರುವಿನಲ್ಲಿ ಇಟ್ಟವರು ತೆಗೆದಿರಲಿಲ್ಲ. ಗುಂಪಿನಲ್ಲಿ ಟೈಪ್ ನಿಂತ ಮೇಲೆ ಎಂದೋ ತೆಗೆದರು. ಹೆಂಡತಿ ಹೇಳಿದ ಪ್ರಕಾರ, ಬೆಳಗ್ಗೆ ಕಿಟಕಿಯಲ್ಲಿ ನಿಂತು, ಬರುವ ಬಸ್ಸುಗಳ ಬೋರ್ಡು ಓದುತ್ತಾ ಅಭ್ಯಾಸ ಮಾಡುತ್ತಿದ್ದರಂತೆ. ಆಕೆ ಬಾಗಿಲು ಎಳೆದುಕೊಂಡು ಒಳಗೇ ಇರುತ್ತಿದ್ದರಂತೆ, ಒಂದಕ್ಷರ ತಿದ್ದದೆ.

ಚಳಿ ಮುಗಿಯುವ ಹೊತ್ತಿಗೆ ಅವರ ಮೊದಲ ಮಾತು ಗುಂಪಿಗೆ ಬಂತು. ಹಲ್ಲಕ್ಕ ಪಾಲಿಶ್ ಚಕ್ರ ನಿಲ್ಲಿಸಿ ಫೋನನ್ನು ಕಿವಿಗೊತ್ತಿಕೊಂಡಳು. ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡಂಥ ದನಿ. ಏರಿಳಿತವಿಲ್ಲ, ಗಂಡಸೋ ಹೆಂಗಸೋ ತಿಳಿಯುವಂತಿಲ್ಲ. ಮೊದಲ ಶಬ್ದದಲ್ಲೇ ಅದು ತಡವರಿಸಿತು, ನಿಂತಿತು, ಮತ್ತೆ ಅದೇ ಅಕ್ಷರಕ್ಕೆ ಬಂತು. ದನಿಪೆಟ್ಟಿಗೆ ತೆಗೆದರೂ ಉಗ್ಗು ಮಾತ್ರ ಇದ್ದಲ್ಲೇ ಇತ್ತು.

“ನ... ನಾನು ಕಂಡಕ್ಟರ್. ನನ್ನದೂ ಸೇರಿ ಟೈಪ್ ನಿಲ್ಲಿಸು ಅಂದೋನು ನಾ... ನಾನೇ. ಅಕ್ಕನ್ನ ಬೈಬೇಡಿ.”

ಗುಂಪಿನಲ್ಲಿ ಆ ದಿನವೆಲ್ಲ ದನಿಯ ಮೇಲೆ ದನಿ. ಮೆಡಿಕಲ್ ಮಾತಿಗಿಂತ ಹೆಚ್ಚು ಬಿಕ್ಕಿದ. ಹೋದವರಲ್ಲಿ ಒಬ್ಬಿಬ್ಬರು ಯಾರಿಂದಲೋ ಕೇಳಿ ತಿರುಗಿ ಬಂದರು. ನರ್ಸ್ ಬರಲಿಲ್ಲ.

ಅವಳಿಗೆ ತಾನೇ ಹೇಳಬೇಕು ಅನ್ನಿಸಿತು ಹಲ್ಲಕ್ಕನಿಗೆ. ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ನರ್ಸ್ ಎತ್ತಿ, ಯಾರೆಂದು ತಿಳಿದ ಮೇಲೂ ಇಡಲಿಲ್ಲ. ಹಲ್ಲಕ್ಕ ನಡೆದಿದ್ದನ್ನೆಲ್ಲ ಹೇಳಿದಳು. ಬಹಳ ಹೊತ್ತು ಹಿಡಿಯಿತು.

“ಅವರೇ ಹೇಳಿದ್ದು ಅಂತ ಅವತ್ತೇ ಅಂದುಕೊಂಡಿದ್ದೆ,” ಅಂದಳು ನರ್ಸ್. “ಅವರ ಸ್ವಭಾವ ನನಗೆ ಗೊತ್ತಿಲ್ವಾ?”

“ಮತ್ತೆ ಯಾಕೆ ಹೋದ್ರಿ?”

“ಅವರು ಹೇಳಿದ್ರೂ ನೀವು ಕೇಳಬಾರದಿತ್ತು ಅಕ್ಕ. ನನ್ನ ವಾರ್ಡಿನಲ್ಲಿ ಗಂಟಲು ತೆಗೆಸ್ಕೊಂಡೋರು ಇರ್ತಾರೆ. ಮೊದಮೊದಲು ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾರೆ, ನನಗೇನೂ ಬೇಡ ಅಂತಾರೆ. ಬೇಡ ಅಂದ್ರು ಅಂತ ಊಟದ ತಟ್ಟೆ ವಾಪಸ್ ತಗೊಂಡು ಹೋಗ್ತೀನಾ ನಾನು? ಆ ಹೊತ್ತಿನಲ್ಲಿ ಅಣ್ಣನಿಗೆ ಇದ್ದಿದ್ದು ಟೈಪ್ ಅನ್ನೋ ಅದೊಂದು ಬಾಗಿಲು. ಯಂತ್ರ ಹಿಡಿದ್ರು ಸರಿ. ಹಿಡೀದೆ ಇದ್ದಿದ್ರೆ?”

ಆ ಕಡೆ ನರ್ಸ್ ಕಾದಳು.

“ಹಿಡೀದೆ ಇದ್ದಿದ್ರೆ ನಾನು ಮಾಡಿದ್ದು ತಪ್ಪು,” ಅಂದಳು ಹಲ್ಲಕ್ಕ. “ಈಗಲೂ ತಪ್ಪಿರಬಹುದು. ಆದ್ರೆ ಆ ವಾರ ನನ್ನ ಬಾಯೂ ಹೋಗಿತ್ತು. ಎಲ್ಲರದೂ ಹೋಗ್ತಿತ್ತು.”

“ಅದನ್ನೂ ಇಲ್ಲ ಅನ್ನಲ್ಲ,” ಅಂದಳು ನರ್ಸ್. ಅವಳ ಹಿಂದೆ ಯಾವುದೋ ಗಾಡಿಯ ಗಾಲಿ ಕಿರುಗುಟ್ಟುತ್ತಾ ಹೋಯಿತು. “ಅವರ ದನಿ ಹೇಗಿದೆ?”

“ನೀವೇ ಫೋನ್ ಮಾಡಿ ಕೇಳಿ.”

“ಮಾಡ್ತೀನಿ. ಇವತ್ತೇ ಮಾಡ್ತೀನಿ. ಗುಂಪಿಗೆ ಮಾತ್ರ ಬರಲ್ಲ ಅಕ್ಕ.”

“ಆಯ್ತಮ್ಮ,” ಅಂದಳು ಹಲ್ಲಕ್ಕ. ಅವಳಿಗೆ ಬೇಸರವಾಯಿತು, ಬಲವಂತ ಮಾಡಬೇಕು ಅನ್ನಿಸಲಿಲ್ಲ. ನರ್ಸ್ ತನ್ನ ಕೆಲಸಕ್ಕೆ ಹೋಗಬೇಕಿತ್ತು, ಇವಳು ಇವಳ ಕೆಲಸಕ್ಕೆ. ಆದರೂ ಇಬ್ಬರೂ ಕೂಡಲೇ ಫೋನ್ ಇಡಲಿಲ್ಲ. ವಾರ್ಡಿನಲ್ಲಿ ಈಗ ಯಾರು ಯಾರಿದ್ದಾರೆ, ಹೇಗಿದ್ದಾರೆ ಎಂದು ನರ್ಸ್ ಹೇಳುತ್ತಾ ಹೋದಳು, ಹಲ್ಲಕ್ಕ ಕೇಳುತ್ತಾ ನಿಂತಳು.